ಕಂಪ್ಲಿಯ ತೊಟ್ಟಿಲಿಗೆ ಒಂದು ಸರ್ವರ್

ಎರಡು ತಿಂಗಳ ಹಿಂದೆ ಕಂಪ್ಲಿಯ ಒಂದು ಮನೆಯಲ್ಲಿ, ಪಡಸಾಲೆ ತುಂಬ ಕೂತಿದ್ದ ಹೆಂಗಸರೆಲ್ಲ ಎದ್ದು ಬಂದು ನನ್ನ ಗಂಡನ ಬೆನ್ನಿಗೆ ಗುದ್ದಿದರು. ಮೊದಲ ಗುದ್ದು ನನ್ನದೇ.

ಗಾಬರಿಯಾಗಬೇಡಿ. ನಮ್ಮವರು ಏನೂ ತಪ್ಪು ಮಾಡಿರಲಿಲ್ಲ. ಹೊಸಪೇಟೆಯಲ್ಲಿ ಟಿಪ್ಪರ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡು, ಅದಿರಿನ ಈ ಸುಗ್ಗಿಯಲ್ಲಿ ಊಟಕ್ಕೂ ಪುರುಸೊತ್ತಿಲ್ಲದೆ ದುಡಿಯುವ ಸಂಭಾವಿತ ಮನುಷ್ಯ. (ಸಂಭಾವಿತ ಅನ್ನುವ ಪದವನ್ನು ಸೇರಿಸಲು ಹೇಳಿದ್ದು ಅವರೇ.) ಆ ಗುದ್ದು ಅವರದಲ್ಲ. ಒರಿಸ್ಸಾದಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಅವರ ತಂಗಿ ಶಶಿಗೆ ಸೇರಬೇಕಾದದ್ದು. ನಡುವೆ ಒಂದು ಸರ್ವರ್ ಬಂದಿದ್ದರಿಂದ ಇವರ ಬೆನ್ನಿಗೆ ಬಿತ್ತು.

ಮೊದಲಿನಿಂದ ಹೇಳುತ್ತೇನೆ.

ನನ್ನ ಮೈದುನ ಬಸವರಾಜನಿಗೆ ಹೆಣ್ಣು ಮಗು ಹುಟ್ಟಿತು. ಅವನ ಹೆಂಡತಿ ಸುಮಾಳ ತವರು ಕಂಪ್ಲಿ. ಅಲ್ಲಿ ಅವರದು ಅಕ್ಕಿ ಗಿರಣಿ. ಹೆಸರಿಡುವ ಕಾರ್ಯ ನಡೆಯುವುದು ತವರಿನಲ್ಲಿ. ಹೆಸರು ಇಡುವವಳು ಮಾತ್ರ ನಮ್ಮ ಕಡೆಯವಳು, ಅಂದರೆ ಕೂಸಿನ ಸೋದರತ್ತೆ. ನಮ್ಮ ಸೀಮೆಯ ಓದುಗರಿಗೆ ಇದೆಲ್ಲ ಗೊತ್ತು. ಉಳಿದವರಿಗಾಗಿ ಹೇಳುತ್ತೇನೆ: ಸೋದರತ್ತೆ ತೊಟ್ಟಿಲ ಮೇಲೆ ಬಾಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಅಂದು ಹೆಸರು ಹೇಳಬೇಕು. ಹೇಳಿದ್ದೇ ತಡ, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು.

ಯಾಕೆ? ನನಗೂ ಗೊತ್ತಿಲ್ಲ. ಗುದ್ದು ಬಿದ್ದರೇ ಹೆಸರು ಗಟ್ಟಿಯಾಗುವುದು ಅಂತ ನಮ್ಮತ್ತೆ ಹೇಳುತ್ತಾರೆ. ಗುದ್ದಿಸಿಕೊಂಡವಳು ಬೆನ್ನು ಸವರಿಕೊಳ್ಳುತ್ತಲೇ ನಗುತ್ತಿರುತ್ತಾಳೆ. ಆ ಹೆಮ್ಮೆಯನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಾಳೆ.

ಶಶಿ ಆ ಹೆಮ್ಮೆಗಾಗಿ ಸುಮಾ ಬಸುರಿ ಅಂದ ದಿನದಿಂದ ಕಾದಿದ್ದಳು. ಅವಳ ಗಂಡ ಸಂಡೂರಿನ ಗಣಿಯಲ್ಲಿ ಮ್ಯಾನೇಜರ್ ಆಗಿದ್ದವರು, ಹೋದ ವರ್ಷ ಒರಿಸ್ಸಾದ ಗಣಿಯೊಂದಕ್ಕೆ ಹೋದರು. (ಅಲ್ಲೂ ಇದೇ ಕೆಂಪು ಧೂಳು, ಇದೇ ಲಾರಿಗಳ ಸಾಲು. ಊರು ಬಿಟ್ಟ ಹಾಗೇ ಅನಿಸುವುದಿಲ್ಲವಂತೆ.) ಹೆಸರಿಡಲು ಬರುವುದಕ್ಕೆ ರೈಲಿನ ಟಿಕೆಟ್ಟೂ ಆಗಿತ್ತು. ಹೊರಡುವ ವಾರವೇ ಸ್ಕೂಟಿ ಜಾರಿ ಬಿದ್ದಳು. ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್.

ನಮ್ಮವರು ಕಂಪ್ಲಿಗೆ ಫೋನ್ ಮಾಡಿ ವಿಷಯ ಹೇಳಿದರು. ಆ ಮನೆಯಲ್ಲಿ ಎಲ್ಲ ನಡೆಯುವುದು ಸುಮಾಳ ಅಜ್ಜಿಯ ಮಾತಿನ ಮೇಲೆ. ಫೋನ್ ಹಿಡಿದಿದ್ದೂ ಅವರೇ. ಪೂರ್ತಿ ಕೇಳಿಸಿಕೊಂಡು, ತಣ್ಣಗೆ ಒಂದು ಮಾತು ಅಂದರು.

“ಹೂಂ. ಗಂಡು ಹುಟ್ಟಿದ್ರ ಕಾಲು ಮುರೀತಿರಲಿಲ್ಲ ಬಿಡಪ.”

ಹೆಣ್ಣು ಅಂತ ನಮ್ಮ ಮನೆಯವರಿಗೆ ಅಸಡ್ಡೆ, ಅದಕ್ಕೇ ಅತ್ತೆಯಾದವಳು ನೆಪ ಹುಡುಕಿದಳು ಅಂತ ಅಜ್ಜಿಯ ತಲೆಯಲ್ಲಿ ಕೂತುಬಿಟ್ಟಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಸುಮಾಳನ್ನು ನೆನೆದರೆ ಸಂಕಟವೂ ಆಯಿತು. ಹಸಿ ಬಾಣಂತಿ. ಆ ಮನೆಯಲ್ಲಿ ದಿನಾ ಈ ಮಾತು ಕೇಳಿಕೊಂಡು ಇರಬೇಕಲ್ಲ?

ಸಂಡೂರಿನ ಗಿರಿಜಾ ಇದ್ದಾಳೆ, ನಮ್ಮ ದೊಡ್ಡಮಾವನ ಮಗಳು. ಅವಳೂ ಅತ್ತೆಯ ಲೆಕ್ಕವೇ, ಅವಳೇ ಹೆಸರಿಡಲಿ ಅಂತ ಕಂಪ್ಲಿಯಿಂದ ಮತ್ತೆ ಹೇಳಿ ಕಳಿಸಿದರು. ಹೆಸರು ಯಾವುದು ಅಂತ ಶಶಿಯನ್ನು ಕೇಳಿದರೆ, ಅವಳು ಬಾಯಿಬಿಡಲಿಲ್ಲ. ನಮ್ಮ ಮನೆಯಲ್ಲಿ ಸೋದರತ್ತೆ ಆರಿಸಿದ ಹೆಸರನ್ನು ಮೊದಲು ಕೇಳುವ ಹಕ್ಕು ಕೂಸಿನದು. ಆಮೇಲೆ ಉಳಿದವರದು.

“ನಾನೇ ಹೇಳ್ತೀನಿ. ಇಲ್ಲಾಂದ್ರ ಕೂಸು ಹೆಸರಿಲ್ಲದ ಇರಲಿ” ಅಂದಳು ಶಶಿ. ಆಮೇಲೆ ಅತ್ತಳು.

ಹೀಗೆ ಎರಡು ಹಟದ ನಡುವೆ ಸಿಕ್ಕಿಬಿದ್ದಾಗ ನನಗೆ ನೆನಪಾದವನು ಖಾಜಾ.

ನಮ್ಮ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಖಾಜಾನ ವಿಡಿಯೋ ಸ್ಟುಡಿಯೋ ಇದೆ. ಮಾತಿನಲ್ಲಿ ಅವನನ್ನು ಮೀರಿಸುವವರಿಲ್ಲ. ಮೊದಲು ಬರೀ ಮದುವೆ ಕ್ಯಾಸೆಟ್ ಮಾಡುತ್ತಿದ್ದ. ಈಗ ಗಣಿ ಧಣಿಗಳ ಮನೆಯ ಮದುವೆಗಳನ್ನು ಇಂಟರ್‌ನೆಟ್‌ನಲ್ಲಿ ಲೈವ್ ತೋರಿಸುತ್ತಾನೆ. ಅದಕ್ಕಾಗಿ ಎಲ್ಲೋ ದೂರದ ಊರಿನ ಸ್ಟ್ರೀಮಿಂಗ್ ಸರ್ವರ್ ಒಂದರಲ್ಲಿ ಜಾಗ ಬಾಡಿಗೆಗೆ ಹಿಡಿದಿದ್ದಾನೆ. ಮನೆಗೆ ಕರೆಸಿದೆ. ಬಂದವನು ಚಹಾ ಕುಡಿದು, ಕಾಲು ಚಾಚಿ ಕೂತು, ಪಾಠ ಶುರು ಮಾಡಿದ.

“ಅಕ್ಕಾರ, ಮಾಮೂಲಿ ಸರ್ವರ್ ಅಂದ್ರ ಕಿರಾಣಿ ಅಂಗಡಿ ಇದ್ದಂಗ. ಕೇಳಿದ್ದು ಪೊಟ್ಣ ಕಟ್ಟಿ ಕೊಡ್ತೈತಿ, ಮುಗೀತು. ಪೂರ್ತಿ ಮನಿಗೆ ಬಂದ ಮ್ಯಾಲೆ ಬಿಚ್ಚಿ ನೋಡ್ಬೇಕು. ಸ್ಟ್ರೀಮಿಂಗ್ ಸರ್ವರ್ ಹಂಗಲ್ಲ. ಅದು ಪಂಕ್ತ್ಯಾಗ ಬಡಿಸಾವ. ನಿಮ್ಮ ಎಲಿ ಮುಂದನ ನಿಂತಿರ್ತಾನ. ನೀವು ಉಂಡಂಗ ಬಡಿಸ್ತಾನ.”

ನನಗೆ ಈ ಹೋಲಿಕೆ ಬಹಳ ಹಿಡಿಸಿತು. ಕಂಪ್ಲಿಯ ಕ್ಯಾಮೆರಾದಿಂದ ಹೊರಡುವುದು ಒಂದೇ ಪಾಲು. ಅದು ಹೋಗಿ ಸರ್ವರ್ ಸೇರುತ್ತದೆ. ಅಲ್ಲಿಂದ ಎಷ್ಟು ಜನ ಎಲೆ ಹಾಕಿಕೊಂಡು ಕೂತಿದ್ದಾರೋ ಅಷ್ಟೂ ಜನಕ್ಕೆ ಬಡಿಸುವುದು ಅದರ ಕೆಲಸ. ಅದಕ್ಕೆ ಬೇರೆ ಕೆಲಸವೇ ಇಲ್ಲ. ಯಾರ ಲೈನ್ ಜೋರಾಗಿದೆಯೋ ಅವರಿಗೆ ಚೆಂದದ ಚಿತ್ರ. ಯಾರದು ನಿಧಾನವೋ ಅವರಿಗೆ ಸಣ್ಣ ತುತ್ತು, ಅಂದರೆ ಮಸುಕು ಚಿತ್ರ. ಮುಖ ಮಸುಕಾದರೂ ಪರವಾಗಿಲ್ಲ, ನಡುವೆ ನಿಲ್ಲಬಾರದು. ಉಪವಾಸ ಎಬ್ಬಿಸುವುದಕ್ಕಿಂತ ಅರ್ಧ ಹೊಟ್ಟೆ ವಾಸಿ ಅನ್ನುವ ಧರ್ಮ.

“ವೆಬ್‌ಕ್ಯಾಮ್ ಚಾಟಿಂಗ್ ಇದೆಯಲ್ಲ?” ಅಂದರು ನಮ್ಮವರು. ಅದನ್ನು ಹಿಂದೆ ಮಾಡಿ ನೋಡಿದ್ದೆವು. ಶಶಿಯ ಮುಖ ಬಾಯಿ ತೆರೆದ ಹಾಗೇ ಹೆಪ್ಪುಗಟ್ಟಿ ನಿಂತಿತ್ತು. ಹಬ್ಬದ ದಿನ ಆ ಅವತಾರ ನೋಡಿ ನಮ್ಮತ್ತೆ ಹೆದರಿದ್ದರು. ಅಲ್ಲದೆ ಗೋವಾದ ಗಣಿಗಳಿಗೆ ಹೋಗಿ ನೆಲೆಸಿದ ನೆಂಟರೆಲ್ಲ ನಾವೂ ನೋಡುತ್ತೇವೆ ಅನ್ನುತ್ತಿದ್ದರು. ಹಾಗಾಗಿ ಸರ್ವರ್ರೇ ಸರಿ ಅಂತಾಯಿತು.

“ಆದ್ರ ಒಂದು ಮಾತು ಅಕ್ಕಾರ” ಅಂದ ಖಾಜಾ. “ಅರ್ಧ ನಿಮಿಷ ತಡ ಆಗ್ತೈತಿ. ನಳದ ನೀರು ಸೀದಾ ಬಕೀಟಿಗೆ ಹಿಡಿದ್ರ ಒಮ್ಮೆ ಬರ್ತೈತಿ, ಒಮ್ಮೆ ನಿಲ್ತೈತಿ. ಅದ್ನ ಮ್ಯಾಲಿನ ಟ್ಯಾಂಕಿಗೆ ಏರಿಸಿ ಬಿಟ್ರ? ಧಾರಿ ಕಡಿಯಂಗಿಲ್ಲ. ಅಲ್ಲಿ ಶಶಿ ಅಕ್ಕಾರ ಕಂಪ್ಯೂಟರೂ ಹಂಗ, ಮೊದಲ ಸ್ವಲ್ಪ ತುಂಬಿಟ್ಕಂಡು ಆಮ್ಯಾಲೆ ತೋರಸ್ತೈತಿ. ಬಫರಿಂಗ್ ಅಂತಾರ.”

ಆಹಾ, ಇಷ್ಟೇ ತಾನೆ? ಹೊಸಪೇಟೆಯಲ್ಲಿ ಮನೆ ನಡೆಸುವ ಹೆಂಗಸಿಗೆ ಓವರ್‌ಹೆಡ್ ಟ್ಯಾಂಕಿನ ಮಹಿಮೆ ಹೇಳಿಕೊಡಬೇಕೆ? ನಾನು ತಕ್ಷಣ ಅರ್ಥ ಮಾಡಿಕೊಂಡೆ. ಓಣಿಯವರಿಗೂ ವಿವರಿಸಿದೆ. ನಮ್ಮತ್ತೆ ಮಾತ್ರ ಮೂಲೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ಕಂಪ್ಯೂಟರಿನಲ್ಲಿ ಹೆಸರಿಡುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಖಾಜಾ ಟ್ಯಾಂಕ್ ಅಂದಾಗ ಒಮ್ಮೆ ತಲೆ ಎತ್ತಿದರು.

“ಮೋಟರ್ ಬಂದ್ ಮಾಡ್ರಬೇ. ನಮ್ದೂ ತುಂಬಿರಬೇಕು” ಅಂದರು. ಅಷ್ಟೇ.

ಹೆಸರಿಡುವ ದಿನ ಕಂಪ್ಲಿಗೆ ಹೋದೆವು. ಗಿರಣಿ ಆಫೀಸಿನಲ್ಲಿ ಬ್ರಾಡ್‌ಬ್ಯಾಂಡ್ ಇತ್ತು. ಅಲ್ಲಿಂದ ಭತ್ತ ಒಣಹಾಕಿದ್ದ ಅಂಗಳ ದಾಟಿಸಿ ಪಡಸಾಲೆಯವರೆಗೆ ಖಾಜಾ ವೈರ್ ಎಳೆದ. ಕರೆಂಟ್ ಹೋದರೆ ಇರಲಿ ಅಂತ ಗಿರಣಿಯ ಜನರೇಟರ್ ಕೂಡ ತಯಾರು. ಅಜ್ಜಿ ಎಲ್ಲವನ್ನೂ ನೋಡುತ್ತ ಕೂತಿದ್ದರು. ಪಕ್ಕದಲ್ಲಿ ಗಿರಿಜಾ, ರೇಷ್ಮೆ ಸೀರೆಯಲ್ಲಿ, ಎದ್ದು ಬರಲು ತಯಾರಾಗಿ. (ಪಾಪ, ಅವಳ ತಪ್ಪೇನೂ ಇಲ್ಲ. ಅಜ್ಜಿ ಕರೆಸಿದ್ದರು, ಬಂದಿದ್ದಳು.)

ನನ್ನ ಪ್ಲಾನ್ ಹೀಗಿತ್ತು. ಇಲ್ಲಿನ ಚಿತ್ರ ಸರ್ವರ್ ಮೂಲಕ ಶಶಿಗೆ ಹೋಗಬೇಕು. ಶಶಿಯ ದನಿ ಮೊಬೈಲ್ ಫೋನಿನಲ್ಲಿ ಇಲ್ಲಿಗೆ ಬರಬೇಕು. ನಮ್ಮವರು ಸ್ಪೀಕರ್ ಆನ್ ಮಾಡಿಕೊಂಡು ಕೂಸಿನ ಕಿವಿಯ ಹತ್ತಿರ ಫೋನ್ ಹಿಡಿಯಬೇಕು. ಎಷ್ಟು ಸಲೀಸು! ಖಾಜಾ ಕೂಡ ತಲೆಯಾಡಿಸಿದ್ದ.

ನೀವು ಬುದ್ಧಿವಂತರು. ಎಡವಟ್ಟು ಎಲ್ಲಿದೆ ಅಂತ ನಿಮಗೆ ಆಗಲೇ ಹೊಳೆದಿರಬೇಕು. ನಮಗೆ ಹೊಳೆಯಲಿಲ್ಲ.

ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಮುಂಚೆ ಒಂದು ಕಲ್ಲನ್ನು ಹಾಕುತ್ತಾರೆ. ಒಳಕಲ್ಲಿನ ಗುಂಡುಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ತಲೆಗೆ ಕುಲಾವಿ ಕಟ್ಟಿ, ಮಲಗಿಸಿ ತೂಗುತ್ತಾರೆ. ಕೂಸು ಆ ಕಲ್ಲಿನ ಹಾಗೆ ಗಟ್ಟಿಮುಟ್ಟಾಗಿರಲಿ ಅಂತ. ಕಲ್ಲಿಗೆ ಜೋಗುಳವೂ ಆಯಿತು. ಆಮೇಲೆ ಕಲ್ಲು ತೆಗೆದು ಕೂಸನ್ನು ಮಲಗಿಸಿದರು. ನಮ್ಮವರು ಮಂಡಿಯೂರಿ ಫೋನ್ ಹಿಡಿದರು. ಹೆಂಗಸರೆಲ್ಲ ಸುತ್ತ ನಿಂತೆವು.

“ಹೇಳವಾ ಶಶಿ, ಹೆಸರು ಹೇಳು” ಅಂದರು ನಮ್ಮತ್ತೆ.

ಫೋನಿನಲ್ಲಿ ಸದ್ದಿಲ್ಲ.

“ಹೇಳಬೇ ಜಲ್ದಿ.”

ಆಗ ಬಂತು ನೋಡಿ ಶಶಿಯ ದನಿ, ಸ್ಪೀಕರಿನಲ್ಲಿ, ಇಡೀ ಪಡಸಾಲೆಗೆ ಕೇಳುವ ಹಾಗೆ: “ಯವ್ವಾ, ಇದು ಕಲ್ಲು. ಕಲ್ಲಿಗೆ ಹೆಸರಿಡ್ಲೇನು?”

ತೊಟ್ಟಿಲಲ್ಲಿ ಕೂಸು ಕಣ್ಣು ಬಿಟ್ಟುಕೊಂಡು ಮಲಗಿತ್ತು.

ಆಗಿದ್ದು ಇಷ್ಟು. ಫೋನ್ ಸೀದಾ ಹೋಗುತ್ತದೆ, ಅದಕ್ಕೆ ಟ್ಯಾಂಕಿಲ್ಲ. ಚಿತ್ರ ಟ್ಯಾಂಕ್ ಏರಿ ಇಳಿದು ಅರ್ಧ ನಿಮಿಷ ತಡವಾಗಿ ಹೋಗುತ್ತದೆ. ‘ಹೆಸರು ಹೇಳು’ ಅನ್ನುವ ಮಾತು ಅವಳಿಗೆ ಆ ಕ್ಷಣವೇ ಕೇಳಿತು. ಅವಳ ಪರದೆಯ ಮೇಲೆ ಮಾತ್ರ ನಾವಿನ್ನೂ ಕುಲಾವಿ ಕಟ್ಟಿದ ಕಲ್ಲನ್ನು ತೂಗುತ್ತಿದ್ದೆವು. ಕಿವಿ ಮುಂದೆ, ಕಣ್ಣು ಹಿಂದೆ.

ಇದೆಲ್ಲ ಈಗ ಹೇಳುವುದು ಸುಲಭ. ಆಗ ನಮ್ಮವರು ಗಾಬರಿಯಾಗಿ ಫೋನಿನ ಬಾಯನ್ನು ಅಂಗೈಯಿಂದ ಮುಚ್ಚಿದರು.

“ಏನಂದ್ಲು?” ಅಜ್ಜಿ ಎದ್ದು ನಿಂತರು. “ನಮ್ ಕೂಸಿಗೆ ಕಲ್ಲಂದ್ಲಾ? ಹಿಂಗ ಅನ್ಸಾಕ ಇಷ್ಟುದ್ದ ವೈರ್ ಎಳದ್ರೇನು?” ಅಂದವರೇ ಬಂದು ತೊಟ್ಟಿಲಿನಿಂದ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. “ಗಿರಿಜಾ, ನೀ ಬಾರವ್ವ ಇತ್ತಾಗ. ನಿನಗ ತಿಳಿದ ಹೆಸರಿಡು.”

ಬಾಗಿಲ ಬಳಿ ಕೂತಿದ್ದ ಸುಮಾಳ ಕಣ್ಣು ತುಂಬಿತು. ಬಸವರಾಜ ಹೆಂಡತಿಯನ್ನೂ ಅಣ್ಣನನ್ನೂ ನೋಡುತ್ತ ಕಂಬದ ಹಾಗೆ ನಿಂತ. ನಾನು ಸುಮ್ಮನಿರುವ ಪೈಕಿಯೇ? “ಅಜ್ಜಿ, ಅದು ಬಫರಿಂಗ್ ರೀ” ಅಂತ ಶುರು ಮಾಡಿದೆ.

“ಅಂವ ಯಾವನವ್ವ ನಡುವ?” ಅಂದರು ಅಜ್ಜಿ.

ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು. ಖಾಜಾ, ಜಗತ್ತಿನಲ್ಲಿ ಯಾವುದಕ್ಕೂ ಮಾತು ಕಳೆದುಕೊಳ್ಳದ ಖಾಜಾ, ಕ್ಯಾಮೆರಾದ ಹಿಂದೆ ಮುಖ ಮುಚ್ಚಿಕೊಂಡಿದ್ದ.

ಆಗ ನಮ್ಮತ್ತೆ ಅಜ್ಜಿಯ ಎದುರು ಹೋಗಿ ನಿಂತರು. ಜಗಳಕ್ಕಲ್ಲ. ಕೂಸಿಗಾಗಿ ಎರಡೂ ಕೈ ಚಾಚಿದರು.

“ತಪ್ಪು ತಿಳೀಬ್ಯಾಡ್ರಿ ಬೀಗರ. ಆಕಿ ಕೂಸಿಗೆ ಕಲ್ಲನ್ನಲಿಲ್ಲ. ಆಕಿಗೆ ಕಲ್ಲು ಮುಟ್ಟೈತಿ, ಕೂಸು ಇನ್ನ ಮುಟ್ಟಿಲ್ಲ. ಟ್ಯಾಂಕ್ ಏರಿ ಇಳೀಬೇಕಲ್ರಿ, ಹೊತ್ತು ಹಿಡೀತೈತಿ. ಕೂಸ್ನ ಮಲಗಿಸ್ತೀನಿ ಕೊಡ್ರಿ. ಅಲ್ಲಿಗೆ ಮುಟ್ಟೋತನ ಎಲ್ಲಾರೂ ಸುಮ್ನ ಕುಂದ್ರೂಣು.”

ಮೆಂತ್ಯದ ಸೊಪ್ಪು ಬಿಡಿಸುತ್ತ ನಮ್ಮತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು! ಅಜ್ಜಿಗೆ ಟ್ಯಾಂಕ್ ಅರ್ಥವಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಚಾಚಿದ ಕೈ ಅರ್ಥವಾಗಿರಬೇಕು. ಸ್ವಲ್ಪ ತಡೆದು ಕೂಸನ್ನು ಕೊಟ್ಟರು. ನಮ್ಮತ್ತೆ ತೊಟ್ಟಿಲಿಗೆ ಹಾಕಿದರು.

“ಇಗಾ, ಈಗ ಹೊಂಟಿತು” ಅಂದರು.

ನಮ್ಮವರು ಅಂಗೈ ತೆಗೆದು ಮತ್ತೆ ತೊಟ್ಟಿಲ ಮೇಲೆ ಬಾಗಿದರು. ಉಳಿದವರೆಲ್ಲ ಕೂತೆವು. ಅಷ್ಟು ಜನ ಹೆಂಗಸರು, ಒಂದು ಕಾರ್ಯದ ಮನೆ, ಒಂದು ಪಿಸುಮಾತಿಲ್ಲ. ಅಂಗಳದಲ್ಲಿ ಭತ್ತಕ್ಕೆ ಬಂದ ಗುಬ್ಬಿಗಳ ಸದ್ದು ಒಳಗೆ ಕೇಳುತ್ತಿತ್ತು. ಅಜ್ಜಿ ಸೆರಗು ಸರಿ ಮಾಡಿಕೊಂಡು ಫೋನನ್ನೇ ದಿಟ್ಟಿಸುತ್ತಿದ್ದರು.

ಆ ಮೌನದಲ್ಲಿ ಫೋನಿನಿಂದ ಶಶಿಯ ದನಿ ಬಂತು. ಆದರೆ ಅದು ನಾವು ಕಾಯುತ್ತಿದ್ದ ಮಾತಾಗಿರಲಿಲ್ಲ. ಅವಳು ಈಗ ನೋಡುತ್ತಿದ್ದದ್ದು ಇಲ್ಲಿ ಆಗಲೇ ನಡೆದುಹೋದದ್ದನ್ನು. ಅಜ್ಜಿ ಸಿಟ್ಟಿನಿಂದ ಕೂಸನ್ನು ಎತ್ತಿಕೊಂಡ ಆ ಗಳಿಗೆ ಅವಳಿಗೆ ಈಗ ತಲುಪಿತ್ತು.

“ಅಯ್ಯ, ಯಾಕ ಎತ್ತಿಗಂಡ್ರಿ? ಅಜ್ಜಿ, ಒಯ್ಯಬ್ಯಾಡ್ರಿ. ನಾ ಇನ್ನ ಮುಖಾನ ಸರಿ ನೋಡಿಲ್ಲ. ಅಜ್ಜಿ, ಕೈ ಮುಗೀತೀನಿ, ಸ್ವಲ್ಪ ಈ ಕಡೆ ತಿರುವ್ರಿ. ಆಕಿ ಮೂಗು ನಮ್ಮಪ್ಪಂದು ಅಂತ, ಬಸು ಹೇಳ್ಯಾನ. ಒಂದ್ಸಲ ನೋಡ್ತೀನಿ.”

ನೆಪ ಹೇಳುವವಳ ದನಿ ಹಾಗಿರುತ್ತದೆಯೇ?

ಅಜ್ಜಿ ತಲೆ ತಗ್ಗಿಸಿದರು. ಆಮೇಲೆ ಮೆಲ್ಲಗೆ ತೊಟ್ಟಿಲ ಹತ್ತಿರ ಸರಿದು, ಕೂಸಿನ ಮುಖವನ್ನು ಬೆರಳಿನಿಂದ ಕ್ಯಾಮೆರಾ ಕಡೆ ತಿರುಗಿಸಿದರು. ಮತ್ತೆ ಕಾದೆವು.

“ಮುಟ್ತು” ಅಂದಳು ಶಶಿ. “ಯವ್ವಾ, ಕೂಸು ಮುಟ್ತು. ಮಸುಕಾಗಿ ನಾಕು ಚೌಕ ಕಂಡಂಗ ಕಾಣ್ತಾಳ. ಆದ್ರ ಮೂಗು ನಮ್ದಽ.”

“ಹಂಗಾದ್ರ ಹೇಳವ್ವ ಹೆಸರು” ಅಂದರು. ಈ ಸಲ ಹೇಳಿದ್ದು ಅಜ್ಜಿ.

“ಕುರ್ರ್... ತುಂಗಾ. ನಿನ್ನ ಹೆಸರು ತುಂಗಾ ಅಂತ ನೋಡವಾ.”

ನದಿಯ ದಂಡೆಯ ಊರಿನಲ್ಲಿ ಹುಟ್ಟಿದ ಕೂಸಿಗೆ ಒರಿಸ್ಸಾದಿಂದ ಹೆಸರು ಬಂತು. ಯಾವುದೋ ಹೊಸ ಫ್ಯಾಷನ್ ಹೆಸರು ಇಡುತ್ತಾಳೆ ಅಂದುಕೊಂಡಿದ್ದ ಅಜ್ಜಿಯ ಮುಖ ಅರಳಿದ್ದನ್ನು ನಾನೇ ನೋಡಿದೆ. ಆದರೆ ಪೂರ್ತಿ ನೋಡಲು ಪುರುಸೊತ್ತು ಎಲ್ಲಿ? ಹೆಸರು ಬಿದ್ದಿತ್ತು. ಗುದ್ದು ಬೀಳಬೇಕಿತ್ತು. ಅತ್ತೆಯ ಬೆನ್ನು ಒರಿಸ್ಸಾದಲ್ಲಿತ್ತು. ತೊಟ್ಟಿಲ ಮೇಲೆ ಬಾಗಿದ್ದ ಬೆನ್ನು ಒಂದೇ ಒಂದು. ಟಿಪ್ಪರ್ ಬಿಡಿಭಾಗದವರದು.

ನನ್ನ ಕೈ ನನಗಿಂತ ಮುಂಚೆ ಎದ್ದಿತು. (ಇಷ್ಟು ವರ್ಷದ ಸಂಸಾರದಲ್ಲಿ ಇಂಥ ಅವಕಾಶ ಮತ್ತೆ ಸಿಗುತ್ತದೆಯೇ?) ನನ್ನ ಹಿಂದೆ ಗಿರಿಜಾ, ಅವಳ ಹಿಂದೆ ಇಡೀ ಪಡಸಾಲೆ. ಪಾಪ, ಅವರು ಫೋನ್ ಮಾತ್ರ ಬಿಡಲಿಲ್ಲ.

ಗುದ್ದು ಮುಗಿದು, ಗುಗ್ಗರಿ ಹಂಚಲು ಶುರುವಾದ ಮೇಲೆ ಫೋನಿನಲ್ಲಿ ಶಶಿ ಬಿದ್ದು ಬಿದ್ದು ನಗುವುದು ಕೇಳಿಸಿತು. ಅವಳಿಗೆ ಆಗ ತಲುಪಿತ್ತು. “ಯಣ್ಣಾ, ನನ್ನ ಗುದ್ದು ನೀ ಯಾಕ ತಿಂದಿ? ಅವು ನನ್ವು” ಅನ್ನುತ್ತಿದ್ದಳು. ಅವಳ ನಗು ಕೇಳಿ ನಮಗೆ ಎರಡನೇ ಸಲ ನಗು ಬಂತು. ಒಂದೇ ತಮಾಷೆಗೆ ಎರಡು ಸಲ ನಗುವ ಸೌಲಭ್ಯ ಬೇರೆ ಯಾವ ಯಂತ್ರದಲ್ಲಿದೆ, ನೀವೇ ಹೇಳಿ.

ಅಜ್ಜಿ ನಮ್ಮವರ ಕೈಯಿಂದ ಫೋನ್ ತೆಗೆದುಕೊಂಡರು. ಎರಡೂ ಕೈಯಲ್ಲಿ ಹಿಡಿದು ಕೇಳಿದರು, “ಕಾಲು ಹೆಂಗೈತವ್ವಾ? ಭಾಳ ನೋಯ್ತೈತೇನು?”

ಅಪಘಾತವಾದಾಗಿನಿಂದ ಆ ಮನೆಯವರು ಕಾಲಿನ ಬಗ್ಗೆ ಕೇಳಿದ್ದು ಅದೇ ಮೊದಲು.

ನಾನು ಆಮೇಲೆ ಯೋಚಿಸಿದೆ. ನಮ್ಮ ಹೆದ್ದಾರಿಯಲ್ಲಿ ಹಿಂದಿನ ಟಿಪ್ಪರಿಗೆ ಅರ್ಧ ನಿಮಿಷದ ತಾಳ್ಮೆಯಿಲ್ಲ. ಹಾರ್ನ್ ಹೊಡೆದೇ ಮುಂದಿನವನನ್ನು ಗುಂಡಿಗೆ ಇಳಿಸುತ್ತಾನೆ. ಹೊಸಪೇಟೆಯಲ್ಲಿ ಈಗ ಎಲ್ಲರಿಗೂ ಎಲ್ಲವೂ ಇವತ್ತೇ ಬೇಕು. ಕಾರು ಇವತ್ತೇ, ಸೈಟು ಇವತ್ತೇ. ಆದರೆ ಸರ್ವರ್ ಅನ್ನುವ ಆ ಬ್ರಹ್ಮಾಂಡ ಯಂತ್ರ, ಅಷ್ಟು ವೇಗದ್ದು, ಬೇಕಂತಲೇ ಒಂದು ಗಳಿಗೆ ತಡೆದು, ಸ್ವಲ್ಪ ಕೂಡಿಟ್ಟುಕೊಂಡು, ಆಮೇಲೆ ಬಡಿಸುತ್ತದೆ. ನಡುವೆ ಕಡಿಯಬಾರದು ಅಂತ. ‘ಗಂಡು ಹುಟ್ಟಿದ್ರ’ ಅನ್ನುವ ಆ ಮಾತು ಅಜ್ಜಿಯ ಬಾಯಿಂದ ಹೊರಡುವ ಮುಂಚೆ ಅಂಥದ್ದೊಂದು ಟ್ಯಾಂಕ್ ಏರಿ ಇಳಿದಿದ್ದರೆ? ನನ್ನ ಸಿಟ್ಟಿಗೂ ಒಂದು ಟ್ಯಾಂಕ್ ಇದ್ದರೆ ಒಳ್ಳೆಯದು ಅಂತ ನಮ್ಮವರು ಈ ಸಾಲನ್ನು ಓದಿ ಹೇಳುತ್ತಿದ್ದಾರೆ. ಇರಲಿ.

ಕಳೆದ ಭಾನುವಾರ ಶಶಿ ಬಂದಳು. ಪ್ಲಾಸ್ಟರ್ ತೆಗೆದಿದ್ದಾರೆ. ಕೈಯಲ್ಲಿ ಒಂದು ಊರುಗೋಲು. ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿದವಳು, ಮನೆಗೆ ಹೋಗಿ ಸ್ನಾನ ಮಾಡು ಅಂದರೂ ಕೇಳದೆ, ಸೀದಾ ಕಂಪ್ಲಿಗೆ ಕಾರು ತಿರುಗಿಸಲು ಹಟ ಹಿಡಿದಳು. ತುಂಗಾ ಈಗ ಮುಖ ನೋಡಿ ನಗುತ್ತಾಳೆ. ಚೌಕಗಳೆಲ್ಲ ಸೇರಿ ದುಂಡು ಮುಖವಾಗಿದೆ. ಮೂಗು ನಮ್ಮದೇ, ಅನುಮಾನವಿಲ್ಲ.

ಶಶಿ ಊರುಗೋಲನ್ನು ಗೋಡೆಗೆ ಒರಗಿಸಿ, ಕೂಸನ್ನು ಎತ್ತಿಕೊಂಡು, ತಿರುವಿ ತಿರುವಿ ನೋಡಿದಳು. ಆಮೇಲೆ ಕಿವಿಯ ಹತ್ತಿರ ಬಾಗಿ ಮತ್ತೊಮ್ಮೆ ‘ಕುರ್ರ್’ ಅಂದಳು. ಹಿಂದಿನಿಂದ ಅಜ್ಜಿ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಬಳೆ ತುಂಬಿದ ಕೈಯನ್ನು ಎತ್ತಿ, ಅವಳ ಬೆನ್ನಿಗೆ ಒಂದು ಹದವಾದ ಗುದ್ದು ಕೊಟ್ಟರು.

“ಮುಟ್ತೇನವ್ವ?” ಅಂದರು.

“ಮುಟ್ತು ಅಜ್ಜಿ” ಅಂದಳು ಶಶಿ. ಅವಳ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಆ ಹೆಮ್ಮೆ ಇತ್ತು. ಆಮೇಲೆ ನಾವೆಲ್ಲ ಸಾಲಾಗಿ ಕೊಟ್ಟೆವು. ನನಗಂತೂ ಮನಸ್ಸು ತುಂಬಿ ಬಂತು.

ಮನೆಗೆ ಬಂದ ಮೇಲೆ ನಮ್ಮವರು ಬೆನ್ನು ಸವರಿಕೊಂಡು ಕೇಳಿದರು: “ಆಕಿ ಗುದ್ದು ಆಕಿಗೆ ಸಿಕ್ತು. ಹಂಗಾರ ಅವತ್ತು ನನಗ ಬಿದ್ದಿದ್ದು ಏನು?”

ಬಫರಿಂಗ್, ಇನ್ನೇನು?